ಒಂದೂಕಾಲು ಇಂಚಿನಿಂದ ಒಂದೂವರೆ ಇಂಚಿಗೆ

ಒಂದೂಕಾಲು ಇಂಚಿನ ಕಾರ್ಬುರೇಟರ್ ಬಿಚ್ಚಿ ಒಂದೂವರೆ ಇಂಚಿನದನ್ನು ಕೂರಿಸಿದರೆ ಎಂಜಿನ್ನಿಗೆ ಎಷ್ಟು ಅಶ್ವಶಕ್ತಿ ಕೂಡಿಕೊಳ್ಳುತ್ತದೆ? ಹಳೆಯ ಸಣ್ಣ ಕಾರು ಸಾಕಿಕೊಂಡವರು ನಾಲ್ಕು ಜನ ಸೇರಿದರೆ ಈ ಪ್ರಶ್ನೆ ಬಂದೇ ಬರುತ್ತದೆ. ಹತ್ತು ಎನ್ನುವವರಿದ್ದಾರೆ, ಏನೂ ಇಲ್ಲ ಎನ್ನುವವರೂ ಇದ್ದಾರೆ. ‘ಹಾಕಿ ನೋಡಿ ಸಾರ್, ಪಿಕಪ್ಪೇ ಬೇರೆ’ ಎಂದು ಕಣ್ಣರಳಿಸುವವರೇ ಹೆಚ್ಚು. ಇದಕ್ಕೆ ಕಾರ್ಖಾನೆಯೇ ಒಮ್ಮೆ ಉತ್ತರ ಕೊಟ್ಟುಬಿಟ್ಟಿದೆ. ಬ್ರಿಟನ್ನಿನ ಮಿನಿ ಕಾರಿನ 998 ಸಿಸಿ ಎಂಜಿನ್ನಿಗೆ ಮೊದಲು ಇದ್ದದ್ದು ಒಂದೂಕಾಲು ಇಂಚಿನ ಎಸ್‌ಯು ಕಾರ್ಬುರೇಟರ್. ಶಕ್ತಿ 38 ಕುದುರೆ. 1974ರ ಹೊತ್ತಿಗೆ ಅದೇ ಎಂಜಿನ್ನಿಗೆ ಒಂದೂವರೆ ಇಂಚಿನದು ಬಂತು. ಗಾಳಿ ಹೋಗುವ ತೂತಿನ ವಿಸ್ತೀರ್ಣ ಶೇ 44ರಷ್ಟು ಹೆಚ್ಚಿತು. ಕಂಪನಿ ಘೋಷಿಸಿದ ಶಕ್ತಿ ಮಾತ್ರ 40ರ ಆಸುಪಾಸಿನಲ್ಲೇ ಉಳಿಯಿತು. ವೇಗಕ್ಕಿಂತ ಹೊಗೆಯ ಚಿಂತೆ ಹೆಚ್ಚಾಗಿದ್ದ ಕಾಲ ಅದು ಎಂಬುದೂ ನೆನಪಿರಲಿ.

ತಿಳಿದವರು ಇಲ್ಲೊಂದು ತಕರಾರು ತೆಗೆಯಬಹುದು. 1964ರಲ್ಲಿ ಮಿನಿ ಕೂಪರ್‌ಗೆ ಬಂದ 998 ಸಿಸಿ ಎಂಜಿನ್ 55 ಕುದುರೆ ಕೊಡುತ್ತಿತ್ತಲ್ಲ, ಅದಕ್ಕೆ ಒಂದರ ಬದಲು ಎರಡು ಕಾರ್ಬುರೇಟರ್ ಇತ್ತಲ್ಲ ಎಂದು. ಇತ್ತು. ಅದರ ಜೊತೆಗೆ ದೊಡ್ಡ ಇನ್‌ಲೆಟ್ ವಾಲ್ವ್‌ಗಳ ಬೇರೆ ಹೆಡ್ ಇತ್ತು, ಕ್ಯಾಮ್‌ಶಾಫ್ಟ್ ಬೇರೆ ಇತ್ತು, ಹೊಗೆ ಸಲೀಸಾಗಿ ಹೊರಬೀಳುವ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಇತ್ತು. ಹೆಚ್ಚಾದ 17 ಕುದುರೆಗಳು ಆ ಇಡೀ ಸಂಸಾರದ ಗಳಿಕೆ. ಬಾನೆಟ್ ಎತ್ತಿದ ಕೂಡಲೇ ಕಣ್ಣಿಗೆ ಬೀಳುವುದು ಜೋಡಿ ಕಾರ್ಬುರೇಟರ್; ಹೆಡ್ಡಿನ ಒಳಗಿನ ವಾಲ್ವು ಯಾರಿಗೂ ಕಾಣುವುದಿಲ್ಲ. ಹಾಗಾಗಿ ಹೆಸರೆಲ್ಲ ಕಾಣುವ ವಸ್ತುವಿಗೇ ಹೋಯಿತು.

ಕಾರ್ಬುರೇಟರ್ ಎಂಜಿನ್ನಿನೊಳಕ್ಕೆ ಗಾಳಿಯನ್ನು ಊದುವುದಿಲ್ಲ. ಪಿಸ್ಟನ್ ಕೆಳಗಿಳಿದಾಗ ಸಿಲಿಂಡರಿನಲ್ಲಿ ಒತ್ತಡ ಕುಸಿಯುತ್ತದೆ, ಹೊರಗಿನ ವಾತಾವರಣದ ಒತ್ತಡ ಗಾಳಿಯನ್ನು ಒಳಕ್ಕೆ ತಳ್ಳುತ್ತದೆ. ದಾರಿಯಲ್ಲಿ ಸಿಗುವ ಕಾರ್ಬುರೇಟರಿನ ಕೆಲಸ ಎರಡು: ಹಾದುಹೋಗುವ ಗಾಳಿ ಎಷ್ಟೆಂದು ಅಳೆಯುವುದು, ಅಳತೆಗೆ ತಕ್ಕ ಪೆಟ್ರೋಲನ್ನು ಬೆರೆಸುವುದು. ಅಳೆಯಬೇಕಾದರೆ ಒಂದಿಷ್ಟು ಅಡ್ಡಿ ಮಾಡಲೇಬೇಕು. ಅಡ್ಡಿಯೇ ಇಲ್ಲದ ಕಾರ್ಬುರೇಟರ್ ಎಂದರೆ ಬರೀ ಪೈಪು. ದೊಡ್ಡದನ್ನು ಹಾಕುವುದೆಂದರೆ ಆ ಅಡ್ಡಿಯನ್ನು ತಗ್ಗಿಸುವುದು, ಅಷ್ಟೇ. ಇದ್ದ ಅಡ್ಡಿಯೇ ಎಷ್ಟು ಎಂಬುದು ಮೊದಲು ಗೊತ್ತಾಗಬೇಕಲ್ಲ?

ಲೆಕ್ಕ ಕಷ್ಟದ್ದೇನಲ್ಲ. ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಪೂರ್ತಿ ಗಾತ್ರದಷ್ಟು ಗಾಳಿ ಎಳೆಯುತ್ತದೆ. 998 ಸಿಸಿ ಎಂಜಿನ್ 5000 ಆರ್‌ಪಿಎಂನಲ್ಲಿ ನಿಮಿಷಕ್ಕೆ ಸುಮಾರು 2500 ಲೀಟರ್ ಎಳೆಯಬೇಕು. ಸಾಮಾನ್ಯ ಎಂಜಿನ್ ಪೂರ್ತಿ ತುಂಬಿಕೊಳ್ಳುವುದಿಲ್ಲ. ಶೇ 80 ಎಂದಿಟ್ಟುಕೊಂಡರೆ 2000 ಲೀಟರ್, ಸೆಕೆಂಡಿಗೆ 33. ಒಂದೂಕಾಲು ಇಂಚಿನ ತೂತಿನ ವಿಸ್ತೀರ್ಣ ಸುಮಾರು 7.9 ಚದರ ಸೆಂ.ಮೀ. ಅದರಲ್ಲಿ ಅಷ್ಟು ಗಾಳಿ ಹೋಗಬೇಕಾದರೆ ಸೆಕೆಂಡಿಗೆ 42 ಮೀಟರ್ ವೇಗ ಬೇಕು, ಅಂದರೆ ಗಂಟೆಗೆ 150 ಕಿ.ಮೀ. ಒಂದೂವರೆ ಇಂಚಿನದರಲ್ಲಿ ಇದು 29 ಮೀಟರಿಗೆ ಇಳಿಯುತ್ತದೆ. ಗಾಳಿ ಕಳೆದುಕೊಳ್ಳುವ ಒತ್ತಡ ವೇಗದ ವರ್ಗಕ್ಕೆ ಅನುಗುಣವಾದದ್ದರಿಂದ ನಷ್ಟ ಅರ್ಧಕ್ಕೆ ಬರುತ್ತದೆ. ಅರ್ಧ ಎಂದರೆ ಕೇಳುವುದಕ್ಕೆ ದೊಡ್ಡದೇ. ಆದರೆ ಈ ವೇಗಗಳಲ್ಲಿ ಆ ನಷ್ಟವೇ ವಾತಾವರಣದ ಒತ್ತಡದ ಕೆಲವೇ ಶೇಕಡಾ. ಅದರಲ್ಲಿ ಅರ್ಧ ಉಳಿಸಿದರೂ 38 ಕುದುರೆಯ ಎಂಜಿನ್ನಿಗೆ ಸಿಗುವುದು ಒಂದೋ ಎರಡೋ. ಅದೂ ಆಕ್ಸಿಲರೇಟರನ್ನು ಪೂರ್ತಿ ತುಳಿದು ಮೇಲಿನ ಆರ್‌ಪಿಎಂನಲ್ಲಿ ಓಡಿಸಿದಾಗ. ಅರ್ಧ ತುಳಿದು ಹೋಗುವಾಗ ಗಾಳಿಗೆ ಅಡ್ಡಿ ಮಾಡುತ್ತಿರುವುದು ಥ್ರಾಟಲ್ ಬಿಲ್ಲೆ. ಕಾರ್ಬುರೇಟರ್ ಎಷ್ಟು ದೊಡ್ಡದಿದ್ದರೂ ಒಂದೇ.

ಇನ್ನು ಮಿನಿಯ ಎಂಜಿನ್ನಿನ ವಿಚಾರ. ಇಂಥ ಮಾರ್ಪಾಡಿನ ಕಥೆ ಹೇಳಲು ಇದಕ್ಕಿಂತ ಒಳ್ಳೆಯ ಎಂಜಿನ್ ಇಲ್ಲ. ಜಗತ್ತಿನಲ್ಲಿ ಇದರಷ್ಟು ಹವ್ಯಾಸಿಗಳ ಸ್ಪ್ಯಾನರ್ ಏಟು ತಿಂದ ಸಣ್ಣ ಎಂಜಿನ್ ಇನ್ನೊಂದಿರಲಾರದು. 1951ರಲ್ಲಿ ಆಸ್ಟಿನ್ ಎ30 ಕಾರಿಗಾಗಿ 803 ಸಿಸಿಯಲ್ಲಿ ಹುಟ್ಟಿದ ಎ–ಸೀರೀಸ್ ಇದು. ವಿನ್ಯಾಸಕ ಅಲೆಕ್ ಇಸಿಗೊನಿಸ್ 1959ರ ಮಿನಿಯಲ್ಲಿ ಇದನ್ನು ಅಡ್ಡಲಾಗಿ ಮಲಗಿಸಿ, ಗೇರ್‌ಬಾಕ್ಸನ್ನು ಅದರ ಹೊಟ್ಟೆಯೊಳಗೇ ಇಟ್ಟು, 848 ಸಿಸಿಯಿಂದ 34 ಕುದುರೆ ತೆಗೆದ. ಅದೇ ಎಂಜಿನ್ 1275 ಸಿಸಿವರೆಗೂ ಬೆಳೆದು 2000ನೇ ಇಸವಿಯಲ್ಲಿ ಮಿನಿ ನಿಲ್ಲುವವರೆಗೂ ನಡೆಯಿತು.

ಅದರ ದೌರ್ಬಲ್ಯ ಇರುವುದು ಹೆಡ್ಡಿನಲ್ಲಿ. ನಾಲ್ಕು ಸಿಲಿಂಡರ್‌ಗಳಿಗೆ ಗಾಳಿಯ ದಾರಿ ಎರಡೇ. ಒಂದು ಮತ್ತು ಎರಡನೆಯ ಸಿಲಿಂಡರ್‌ಗಳಿಗೆ ಒಂದು ಪೋರ್ಟ್, ಮೂರು ಮತ್ತು ನಾಲ್ಕಕ್ಕೆ ಇನ್ನೊಂದು. ಹೊಗೆಯ ಕಡೆ ಮೂರು: ಎರಡು ತುದಿಗಳಿಗೆ ಒಂದೊಂದು, ನಡುವಿನ ಎರಡಕ್ಕೂ ಸೇರಿ ಒಂದು. ಒಟ್ಟು ಐದು ಪೋರ್ಟ್. ಫೈರಿಂಗ್ ಆರ್ಡರ್ 1–3–4–2. ಇದನ್ನು ಪೋರ್ಟಿನ ಕಡೆಯಿಂದ ಓದಿ ನೋಡಿ: ಮೂರು ಎಳೆದ ಬೆನ್ನಿಗೇ ನಾಲ್ಕು ಎಳೆಯುತ್ತದೆ, ಎರಡು ಎಳೆದ ಬೆನ್ನಿಗೇ ಒಂದು. ಮೊದಲನೆಯದರ ವಾಲ್ವ್ ಪೂರ್ತಿ ಮುಚ್ಚುವ ಮೊದಲೇ ಪಕ್ಕದ್ದು ತೆರೆದು ಪಾಲು ಕೇಳುತ್ತದೆ. ಆಮೇಲೆ ಆ ಪೋರ್ಟಿಗೆ ಸ್ವಲ್ಪ ಹೊತ್ತು ಕೆಲಸವೇ ಇಲ್ಲ. ಒಂದೇ ಪೋರ್ಟಿನಲ್ಲಿ ಇಬ್ಬರ ಜಗಳ ಹೀಗೆ ನಡೆದಿರುವಾಗ ಕಾರ್ಬುರೇಟರನ್ನು ಮಾತ್ರ ದೊಡ್ಡದು ಮಾಡುವುದು, ಗುಡಿಯ ಹೆಬ್ಬಾಗಿಲನ್ನು ಅಗಲ ಮಾಡಿ ಒಳಗಿನ ಓಣಿಯನ್ನು ಇದ್ದ ಹಾಗೇ ಬಿಟ್ಟಂತೆ; ಜಾತ್ರೆಯ ಜನ ಅದರಿಂದ ಬೇಗ ಕರಗುವುದಿಲ್ಲ. ಎ–ಸೀರೀಸನ್ನು ಬಲ್ಲ ಟ್ಯೂನರ್‌ಗಳು ಮೊದಲು ಕೈಹಾಕುವುದು ಹೊಗೆಯ ದಾರಿಗೆ. ನಡುವಿನ ಪೋರ್ಟಿಗೆ ಉದ್ದನೆಯ ಸ್ವಂತ ಕೊಳವೆ ಇರುವ ಮ್ಯಾನಿಫೋಲ್ಡ್ ಹಾಕಿ, ಆಮೇಲೆ ಗಾಳಿಯ ಕಡೆ ತಿರುಗುತ್ತಾರೆ. ಸುಟ್ಟ ಹೊಗೆ ಹೊರಗೆ ಹೋಗದೆ ಹೊಸ ಗಾಳಿ ಒಳಗೆ ಬರಲು ಜಾಗವೆಲ್ಲಿ?

ಈಗ ಎಸ್‌ಯು ಕಡೆ ಬರೋಣ. ಇದನ್ನು ಕಂಡುಹಿಡಿದವರು ಲಂಡನ್ನಿನ ಚಪ್ಪಲಿ–ಬೂಟಿನ ವ್ಯಾಪಾರದ ಮನೆತನದವರು. ಲಿಲಿ ಅಂಡ್ ಸ್ಕಿನ್ನರ್ ಎಂಬ ಪಾದರಕ್ಷೆ ಅಂಗಡಿಗಳ ಕುಟುಂಬದ ಜಾರ್ಜ್ ಹರ್ಬರ್ಟ್ ಸ್ಕಿನ್ನರ್ 1905ರ ಸುಮಾರಿಗೆ ಪೇಟೆಂಟಿಗೆ ಹಾಕಿದ. ತಮ್ಮನೊಂದಿಗೆ ಸೇರಿ ಕಂಪನಿ ಮಾಡಿದ. ಸ್ಕಿನ್ನರ್ಸ್ ಯೂನಿಯನ್ ಎಂಬುದೇ ಎಸ್‌ಯು. ಮೊದಮೊದಲ ಕಾರ್ಬುರೇಟರ್‌ಗಳಲ್ಲಿ ಮೇಲೆ ಕೆಳಗೆ ಆಡುವ ಭಾಗಕ್ಕೆ ಅವರು ಬಳಸಿದ್ದು ಚರ್ಮದ ತಿದಿ. ಚರ್ಮವೆಂದರೆ ಆ ಮನೆಗೆ ಹೊಸದಲ್ಲವಲ್ಲ. ಮುಂದೆ ಚರ್ಮದ ಜಾಗಕ್ಕೆ ಲೋಹದ ಪಿಸ್ಟನ್ ಬಂತು. 1926ರಲ್ಲಿ ಮೋರಿಸ್ ಕಾರುಗಳ ವಿಲಿಯಂ ಮೋರಿಸ್ ಕಂಪನಿಯನ್ನು ಕೊಂಡ.

ಸೊಲೆಕ್ಸ್, ಜೆನಿತ್, ವೆಬರ್ ಕಾರ್ಬುರೇಟರ್‌ಗಳಲ್ಲಿ ಗಾಳಿಯ ದಾರಿ ನಡುವೆ ಕಿರಿದಾಗುತ್ತದೆ. ಆ ಕಿರಿದು ಜಾಗದ ಅಳತೆ ಬದಲಾಗುವುದಿಲ್ಲ. ಎಸ್‌ಯುನಲ್ಲಿ ಬದಲಾಗುತ್ತದೆ. ದಾರಿಗೆ ಅಡ್ಡಲಾಗಿ ಒಂದು ಪಿಸ್ಟನ್ ಇಳಿಬಿದ್ದಿರುತ್ತದೆ. ಎಂಜಿನ್ ಹೆಚ್ಚು ಗಾಳಿ ಕೇಳಿದಾಗ ನಿರ್ವಾತದ ಸೆಳೆತಕ್ಕೆ ಅದು ಮೇಲೇರಿ ದಾರಿ ಬಿಡುತ್ತದೆ, ಕೇಳದಾಗ ಕೆಳಗಿಳಿದು ದಾರಿ ಕಿರಿದು ಮಾಡುತ್ತದೆ. ಎಂಜಿನ್ ನಿಧಾನವಾಗಿ ತಿರುಗಲಿ, ಜೋರಾಗಿ ತಿರುಗಲಿ, ಪಿಸ್ಟನ್ನಿನ ಅಡಿಯಲ್ಲಿ ಗಾಳಿಯ ವೇಗ ಹೆಚ್ಚುಕಡಿಮೆ ಒಂದೇ. ಪಿಸ್ಟನ್ನಿಗೆ ಅಂಟಿಕೊಂಡು ಕೆಳಗೆ ಒಂದು ನೀಡಲ್. ತುದಿಗೆ ಹೋಗುತ್ತ ಸಣ್ಣದಾಗುವಂಥದ್ದು. ಅದು 0.090 ಇಂಚಿನ, ಅಂದರೆ ಎರಡೂಕಾಲು ಮಿ.ಮೀ. ಚಿಲ್ಲರೆಯ ಜೆಟ್ಟಿನೊಳಗೆ ಆಡುತ್ತದೆ. ಪಿಸ್ಟನ್ ಏರಿದಷ್ಟೂ ನೀಡಲ್‌ನ ಸಪೂರ ಭಾಗ ಜೆಟ್ಟಿನ ಬಾಯಿಗೆ ಬರುತ್ತದೆ, ಸುತ್ತಲಿನ ಸಂದು ದೊಡ್ಡದಾಗುತ್ತದೆ, ಪೆಟ್ರೋಲ್ ಹೆಚ್ಚು ಬರುತ್ತದೆ. ಒಂದು ಪಿಸ್ಟನ್, ಒಂದು ನೀಡಲ್, ಒಂದು ಜೆಟ್. ಸೊಲೆಕ್ಸಿನ ಒಳಗೆ ಮೇನ್ ಜೆಟ್, ಏರ್ ಜೆಟ್, ಪೈಲಟ್ ಜೆಟ್, ಎಮಲ್ಷನ್ ಟ್ಯೂಬ್, ಆಕ್ಸಿಲರೇಟರ್ ಪಂಪು ಎಂದು ಒಂದು ಸಂತೆಯೇ ನೆರೆದಿರುವುದನ್ನು ಕಂಡವರಿಗೆ ಇದರ ಸರಳತೆ ಅರ್ಥವಾಗುತ್ತದೆ. ನನಗೆ ಎಸ್‌ಯು ಬಗ್ಗೆ ಪಕ್ಷಪಾತ ಇದೆ, ಮುಚ್ಚಿಡುವುದಿಲ್ಲ.

ಎಸ್‌ಯು ಹೆಸರಿನ ಜೊತೆಗೇ ಬರುವ ಒಂದು ಕಥೆಯನ್ನು ಇಲ್ಲಿ ಬಿಡಲಾಗದು. ಎರಡನೆಯ ಮಹಾಯುದ್ಧದ ಸ್ಪಿಟ್‌ಫೈರ್ ವಿಮಾನಗಳ ಮರ್ಲಿನ್ ಎಂಜಿನ್ನಿಗೂ ಎಸ್‌ಯು ಕಂಪನಿಯ ಕಾರ್ಬುರೇಟರೇ ಇತ್ತು. 27 ಲೀಟರಿನ ಎಂಜಿನ್. ಶತ್ರುವಿನ ಬೆನ್ನಟ್ಟಿ ವಿಮಾನದ ಮೂಗನ್ನು ಗಕ್ಕನೆ ಕೆಳಗೆ ಬಾಗಿಸಿದರೆ ಫ್ಲೋಟ್ ಬೌಲಿನ ಪೆಟ್ರೋಲ್ ಮೇಲಕ್ಕೆ ಚಿಮ್ಮಿ, ಎಂಜಿನ್ ಮೊದಲು ಬಿಕ್ಕಿ, ಆಮೇಲೆ ಪೆಟ್ರೋಲ್ ಉಕ್ಕಿ ಉಸಿರುಗಟ್ಟುತ್ತಿತ್ತು. 1941ರಲ್ಲಿ ಫಾರ್ನ್‌ಬರೋದ ಸಂಶೋಧನಾ ಕೇಂದ್ರದ ಎಂಜಿನಿಯರ್ ಬಿಯಾಟ್ರಿಸ್ ಶಿಲಿಂಗ್ ಕೊಟ್ಟ ಪರಿಹಾರ ಪೆಟ್ರೋಲ್ ಲೈನಿಗೆ ಹಾಕುವ ತೂತಿನ ಬಿಲ್ಲೆ. ಎಂಜಿನ್ನಿಗೆ ಅತಿ ಹೆಚ್ಚೆಂದರೆ ಎಷ್ಟು ಪೆಟ್ರೋಲ್ ಬೇಕೋ ಅಷ್ಟನ್ನು ಮಾತ್ರ ಬಿಡುವ ತೂತು. ಆಕೆ ಬ್ರೂಕ್‌ಲ್ಯಾಂಡ್ಸ್ ಟ್ರ್ಯಾಕಿನಲ್ಲಿ ಮೋಟಾರ್ ಸೈಕಲ್ ರೇಸ್ ಓಡಿಸಿದ್ದವರು. ಕೈಗೆ ಗ್ರೀಸ್ ಮೆತ್ತಿಕೊಂಡ ಅನುಭವ ಇತ್ತು. ಸಾವಿರ ಕುದುರೆಯ ಎಂಜಿನ್ನಿನ ತೊಂದರೆ ತೂತನ್ನು ಕಿರಿದು ಮಾಡಿದ್ದಕ್ಕೆ ಬಹುಮಟ್ಟಿಗೆ ನೀಗಿತು.

ಮತ್ತೆ ಕಾರಿನ ಎಸ್‌ಯುಗೆ ಬಂದರೆ, ದಾರಿ ತಾನೇ ಹಿಗ್ಗಿ ಕುಗ್ಗುವುದರಿಂದ ದೊಡ್ಡದನ್ನು ಹಾಕಿದವರಿಗೆ ಒಂದು ಕ್ಷಮಾದಾನ ಸಿಗುತ್ತದೆ. ಅಳತೆ ಮೀರಿದರೂ ಎಂಜಿನ್ ಮುಗ್ಗರಿಸುವುದಿಲ್ಲ. ಪಿಸ್ಟನ್ ಕಡಿಮೆ ಎತ್ತರದಲ್ಲಿ ನಿಂತು ಕೆಲಸ ಸಾಗಿಸುತ್ತದೆ. ಆದರೆ ಹಳೆಯ ನೀಡಲನ್ನೇ ಹೊಸದಕ್ಕೆ ಹಾಕಿಕೊಂಡವರು ಇಲ್ಲೇ ಸಿಕ್ಕಿಬೀಳುವುದು. ಅಷ್ಟೇ ಗಾಳಿಗೆ ಪಿಸ್ಟನ್ ಈಗ ಕೆಳಗೇ ನಿಂತಿದೆ, ಜೆಟ್ಟಿನ ಬಾಯಲ್ಲಿರುವುದು ನೀಡಲ್‌ನ ದಪ್ಪ ಭಾಗ, ಪೆಟ್ರೋಲ್ ಸಾಲದು. ಮಿಶ್ರಣ ಲೀನ್ ಆಗುತ್ತದೆ. ಲೀನ್ ಆದ ಎಂಜಿನ್ ತುಳಿದಾಗ ಬಿಸಿಯೇರಿ ಕಟಕಟ ಎನ್ನುತ್ತದೆ. ಅದನ್ನು ಕೇಳಿಸಿಕೊಳ್ಳದೆ ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಓಡಿಸಿದರೆ ವಾಲ್ವ್ ಸುಡುತ್ತದೆ, ಎಂಜಿನ್ನಿನ ಪಿಸ್ಟನ್ ತಲೆಗೆ ತೂತೂ ಬೀಳಬಹುದು. ಕಾರ್ಬುರೇಟರ್ ಬದಲಾಯಿಸಿ ಎಂಜಿನ್ ಕಳೆದುಕೊಳ್ಳುವ ದಾರಿ ಇದು.

ನೀಡಲ್ ಆರಿಸುವುದು ಒಂದು ವಿದ್ಯೆ. ಪ್ರತಿ ನೀಡಲ್‌ಗೂ ಅಕ್ಷರಗಳ ಹೆಸರಿದೆ. ಉದ್ದಕ್ಕೂ ಇಂಚಿನ ಎಂಟನೇ ಒಂದು ಭಾಗಕ್ಕೊಮ್ಮೆ ಅದರ ದಪ್ಪ ಎಷ್ಟೆಂದು ಇಂಚಿನ ಸಾವಿರದ ಭಾಗಗಳಲ್ಲಿ ಬರೆದ ಪಟ್ಟಿಗಳಿವೆ. ಮೇಲಿನ ಒಂದೆರಡು ಗುರುತುಗಳು ಐಡ್ಲಿಂಗ್ ನೋಡಿಕೊಳ್ಳುತ್ತವೆ, ನಡುವಿನವು ದಿನನಿತ್ಯದ ಓಡಾಟವನ್ನು, ಕೊನೆಯವು ಪೂರ್ತಿ ತುಳಿದಾಗಿನ ಹಸಿವನ್ನು. ಕೆಳಗಿನ ನಟ್ಟು ತಿರುಗಿಸಿ ಜೆಟ್ಟನ್ನು ಏರಿಸಿ ಇಳಿಸಿದರೆ ಇಡೀ ಪಟ್ಟಿಯೇ ರಿಚ್ ಅಥವಾ ಲೀನ್ ಕಡೆಗೆ ಸರಿಯುತ್ತದೆ. ನಡುವಿನ ಒಂದು ಭಾಗ ಮಾತ್ರ ತಪ್ಪಿದ್ದರೆ ನಟ್ಟಿನಿಂದ ಸರಿಯಾಗದು, ನೀಡಲನ್ನೇ ಬದಲಾಯಿಸಬೇಕು. ಐಡ್ಲಿಂಗ್ ಪರೀಕ್ಷೆಗೆ ಹಳೆಯ ಉಪಾಯವೇ ಸಾಕು: ಪಿಸ್ಟನ್ನನ್ನು ಒಂದು ಮಿ.ಮೀ.ಗಿಂತ ಕಡಿಮೆ ಮೇಲೆತ್ತಿ. ಎಂಜಿನ್ ಸ್ವಲ್ಪ ಚುರುಕಾಗಿ ಮತ್ತೆ ಮೊದಲಿನಂತಾದರೆ ಸರಿ ಇದೆ. ಚುರುಕಾಗಿ ಹಾಗೇ ಉಳಿದರೆ ರಿಚ್. ಕುಸಿದು ನಿಲ್ಲಲು ಹೋದರೆ ಲೀನ್. ಉಳಿದ ಭಾಗಕ್ಕೆ ಕಾರನ್ನು ಉರುಳೆಗಳ ಮೇಲೆ ಓಡಿಸಿ ಅಳೆಯುವ ರೋಲಿಂಗ್ ರೋಡ್ ಬೇಕು, ಇಲ್ಲವೆ ಸೈಲೆನ್ಸರಿಗೆ ಆಮ್ಲಜನಕದ ಸೆನ್ಸರ್ ಸಿಕ್ಕಿಸಿ ಓಡಿಸಿ ನೋಡಬೇಕು. ಪ್ಲಗ್ ಬಿಚ್ಚಿ ಬಣ್ಣ ನೋಡಿ ಹೇಳುವ ಮೇಸ್ತ್ರಿಗಳ ಮೇಲೆ ಗೌರವ ಇದೆ, ಆದರೆ ಈಗಿನ ಪೆಟ್ರೋಲಿನಲ್ಲಿ ಪ್ಲಗ್ಗಿನ ಬಣ್ಣ ಹಿಂದಿನಷ್ಟು ಸ್ಪಷ್ಟವಾಗಿ ಮಾತಾಡುವುದಿಲ್ಲ.

ಕಾರ್ಬುರೇಟರ್ ನಿಜಕ್ಕೂ ಸಣ್ಣದಾಯಿತೇ ಎಂದು ತಿಳಿಯಲು ಎಸ್‌ಯುನಲ್ಲಿ ಒಂದು ಅಚ್ಚುಕಟ್ಟಾದ ದಾರಿ ಇದೆ. ಅದನ್ನು ಮಾಡಿ ನೋಡುವವರು ಕಡಿಮೆ. ಪೂರ್ತಿ ತುಳಿದು ಎಂಜಿನ್ ಏರುತ್ತಿರುವಾಗ ಪಿಸ್ಟನ್ ಎಲ್ಲಿಯವರೆಗೆ ಏರುತ್ತದೆ ಎಂದು ಗುರುತಿಸಿಕೊಳ್ಳುವುದು. ಎಂಜಿನ್ ತನ್ನ ಗರಿಷ್ಠ ಶಕ್ತಿಯ ಆರ್‌ಪಿಎಂ ಮುಟ್ಟುವ ಎಷ್ಟೋ ಮೊದಲೇ ಪಿಸ್ಟನ್ ಮುಚ್ಚಳಕ್ಕೆ ತಾಗಿ ನಿಂತುಬಿಟ್ಟರೆ ಕಾರ್ಬುರೇಟರ್ ಸಣ್ಣದು. ಅಲ್ಲಿಂದ ಮುಂದೆ ಅದು ಸ್ಥಿರ ತೂತಿನಂತೆ ಗಾಳಿಯನ್ನು ಹಿಡಿಯುತ್ತಿದೆ. ಕೊನೆಯವರೆಗೂ ಪಿಸ್ಟನ್ ತುದಿ ಮುಟ್ಟದಿದ್ದರೆ ಇನ್ನೂ ದೊಡ್ಡದನ್ನು ಹಾಕುವುದು ದುಡ್ಡು ದಂಡ. ಬೇರೆ ಕಾರ್ಬುರೇಟರ್‌ಗಳಲ್ಲಿ ಇಷ್ಟು ಸುಲಭವಿಲ್ಲ; ಮ್ಯಾನಿಫೋಲ್ಡಿಗೆ ವ್ಯಾಕ್ಯೂಮ್ ಗೇಜ್ ಹಾಕಿ, ಥ್ರಾಟಲ್ ಪೂರ್ತಿ ತೆರೆದಿರುವಾಗಲೂ ಎಷ್ಟು ನಿರ್ವಾತ ಉಳಿದಿದೆ ಎಂದು ನೋಡಬೇಕು. ಉಳಿದಷ್ಟೂ ಅಡ್ಡಿ.

ಇದಕ್ಕೂ ಮೊದಲಿನ ಪರೀಕ್ಷೆ ಇನ್ನೂ ಸರಳ, ಇನ್ನೂ ಅಗ್ಗ. ಈಗಿರುವ ಕಾರ್ಬುರೇಟರ್ ನೆಟ್ಟಗಿದೆಯೇ? ಐವತ್ತು ವರ್ಷ ಓಡಿದ್ದರಲ್ಲಿ ಥ್ರಾಟಲ್ ಸ್ಪಿಂಡಲ್ ಸವೆದು ಅಕ್ಕಪಕ್ಕದಿಂದ ಗಾಳಿ ಎಳೆಯುತ್ತಿರುತ್ತದೆ. ನೀಡಲ್ ಉಜ್ಜಿ ಜೆಟ್ ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ. ಪಿಸ್ಟನ್ನಿನ ಏರಿಕೆಯನ್ನು ನಿಧಾನಿಸುವ ಡ್ಯಾಂಪರಿನಲ್ಲಿ ಎಣ್ಣೆ ಒಣಗಿ ವರ್ಷಗಳಾಗಿರುತ್ತವೆ. ಆ ಎಣ್ಣೆ ಇಲ್ಲದಿದ್ದರೆ ತುಳಿದ ಕೂಡಲೇ ಪಿಸ್ಟನ್ ಎಗರಿಬಿಡುತ್ತದೆ, ಆ ಗಳಿಗೆಗೆ ಮಿಶ್ರಣ ಲೀನ್ ಆಗಿ ಕಾರು ತಡವರಿಸುತ್ತದೆ. ಸೊಲೆಕ್ಸಿನ ಆಕ್ಸಿಲರೇಟರ್ ಪಂಪು ಮಾಡುವ ಕೆಲಸವನ್ನು ಇಲ್ಲಿ ಮಾಡುವುದು ಆ ನಾಲ್ಕು ಹನಿ ಎಣ್ಣೆ. ಹೀಗೆ ಸೊರಗಿದ ಕಾರ್ಬುರೇಟರನ್ನು ತೆಗೆದು ಹೊಸದೊಂದು ದೊಡ್ಡದನ್ನು ಹಾಕಿದಾಗ ಕಾರು ಚುರುಕಾಗಲೇಬೇಕು. ‘ಪಿಕಪ್ಪೇ ಬೇರೆ’ ಎಂಬ ಮಾತಿನ ಮುಕ್ಕಾಲು ಪಾಲು ಹುಟ್ಟುವುದು ಇಲ್ಲಿಂದ ಎಂದು ನನ್ನ ಅನುಮಾನ. ಚುರುಕಾದದ್ದು ಹೊಸದು ಹಾಕಿದ್ದಕ್ಕೆ, ದೊಡ್ಡದು ಹಾಕಿದ್ದಕ್ಕಲ್ಲ.

ಇಷ್ಟಾದ ಮೇಲೂ ದೊಡ್ಡದೇ ಬೇಕೆನ್ನುವವರು ಮಿನಿಯಲ್ಲಿ ಏನೇನು ಬದಲಾಯಿಸಬೇಕು ನೋಡಿ. ಒಂದೂಕಾಲು ಇಂಚಿನದು ಎರಡು ಬೋಲ್ಟಿನ ಮೇಲೆ ಕೂರುತ್ತದೆ, ಒಂದೂವರೆ ಇಂಚಿನದಕ್ಕೆ ನಾಲ್ಕು. ಹಾಗಾಗಿ ಇನ್‌ಲೆಟ್ ಮ್ಯಾನಿಫೋಲ್ಡ್ ಬೇರೆ ಬೇಕು. ಅಡಾಪ್ಟರ್ ಪ್ಲೇಟ್ ಮಾಡಿಸಿ ಹಳೆಯ ಮ್ಯಾನಿಫೋಲ್ಡಿಗೇ ಸಿಕ್ಕಿಸಿದರೆ ಒಂದೂವರೆ ಇಂಚಿನಿಂದ ಬಂದ ಗಾಳಿ ಒಂದೂಕಾಲು ಇಂಚಿನ ಅಂಚಿಗೆ ಬಡಿದು ಸುಳಿ ತಿರುಗುತ್ತದೆ. ದುಡ್ಡು ಕೊಟ್ಟು ತೆಗೆಸಿದ ಅಡ್ಡಿಯನ್ನು ಎರಡಿಂಚು ಮುಂದೆ ಮತ್ತೆ ಕಟ್ಟಿಸಿಕೊಂಡಂತಾಯಿತು. ಪ್ಯಾಕಿಂಗ್ ಕೂಡ ಒಳಗೆ ಚಾಚಿಕೊಂಡಿರಬಾರದು. ಮಿನಿಯಲ್ಲಿ ಕಾರ್ಬುರೇಟರ್ ಇರುವುದು ಎಂಜಿನ್ನಿನ ಹಿಂದೆ, ಎಕ್ಸಾಸ್ಟ್ ಮ್ಯಾನಿಫೋಲ್ಡಿನ ನೆತ್ತಿಯ ಮೇಲೆ. ಬೌಲಿನ ಪೆಟ್ರೋಲ್ ಕುದಿಯದಂತೆ ನಡುವೆ ಬೇಕಲೈಟಿನಂಥ ದಪ್ಪ ತುಂಡು, ಶಾಖ ತಡೆಯುವ ತಗಡು ಎರಡನ್ನೂ ಬಿಡುವಂತಿಲ್ಲ. ಥ್ರಾಟಲ್ ಕೇಬಲ್, ಚೋಕ್ ಕೇಬಲ್, ಡಿಸ್ಟ್ರಿಬ್ಯೂಟರಿಗೆ ಹೋಗುವ ವ್ಯಾಕ್ಯೂಮ್ ನಳಿಗೆ ಇವುಗಳ ಜಾಗ ಬದಲಾಗುತ್ತದೆ. ಇನ್ನೂ ಹುಮ್ಮಸ್ಸಿನವರು ವೆಬರ್ 45 ಹಾಕಲು ಹೋಗಿ, ಅದು ಹಿಡಿಸದೆ, ನಡುವಿನ ಸ್ಪೀಡೋಮೀಟರಿನ ಹಿಂದಿನ ತಗಡನ್ನೇ ಕೊಯ್ಯುತ್ತಾರೆ. ಆ ಕೆಲಸಕ್ಕೆ ನನ್ನ ಬೆಂಬಲವಿಲ್ಲ.

ಒಂದೂಮುಕ್ಕಾಲು ಇಂಚಿನ ಎಸ್‌ಯು, ಎಚ್‌ಐಎಫ್44 ಮೇಲೆ ಹಲವರ ಕಣ್ಣಿದೆ. ಅದರ ವಿಸ್ತೀರ್ಣ 15.5 ಚದರ ಸೆಂ.ಮೀ. ಎರಡು ಒಂದೂಕಾಲು ಇಂಚಿನವನ್ನು ಕೂಡಿಸಿದರೆ 15.8. ಅಂದರೆ ಒಂದು ದೊಡ್ಡದು, ಎರಡು ಸಣ್ಣವಕ್ಕೆ ಸಮ. 1275 ಸಿಸಿಯ ಕೂಪರ್ ಎಸ್ ಆ ಎರಡು ಸಣ್ಣವುಗಳಲ್ಲೇ 76 ಕುದುರೆ ತೆಗೆಯುತ್ತಿತ್ತು. ಇದೇ ಎಚ್‌ಐಎಫ್44 ಇದ್ದ ಎಂಜಿ ಮೆಟ್ರೊದ 1275 ಸಿಸಿ ಎಂಜಿನ್ 70ರ ಮೇಲೆ ಕೊಡುತ್ತಿತ್ತು. ನಾಲ್ಕೂ ಸಿಲಿಂಡರ್‌ಗಳ ಎಳೆತ ಒಂದೇ ಕಾರ್ಬುರೇಟರಿಗೆ ಸಮನಾಗಿ ಹಂಚಿ ಬರುವುದರಿಂದ ಒಂದು ದೊಡ್ಡದು ಎರಡು ಸಣ್ಣವುಗಳಿಗಿಂತ ಕೆಲವೊಮ್ಮೆ ಮೇಲು, ಎರಡನ್ನು ಒಂದಕ್ಕೊಂದು ಹೊಂದಿಸುವ ತಲೆನೋವೂ ಇಲ್ಲ. ಆದರೆ 40 ಕುದುರೆಯ 998ಕ್ಕೆ, ಹೆಡ್ಡು ಕ್ಯಾಮು ಯಾವುದನ್ನೂ ಮುಟ್ಟದೆ, ಇದನ್ನು ಹಾಕುವುದರಲ್ಲಿ ಅರ್ಥವಿಲ್ಲ. ಪಿಸ್ಟನ್ ಅರ್ಧದಷ್ಟೂ ಏಳದೆ, ನೀಡಲ್‌ನ ಅರ್ಧ ಉದ್ದ ಯಾವತ್ತೂ ಕೆಲಸಕ್ಕೇ ಬಾರದೆ ಉಳಿಯುತ್ತದೆ.

ನಮ್ಮಲ್ಲಿ ಮಿನಿಗಳು ವಿರಳ. ಇಲ್ಲಿ ಈ ಆಸೆ ಹುಟ್ಟುವುದು ಹೆಚ್ಚಾಗಿ ಪ್ರೀಮಿಯರ್ ಪದ್ಮಿನಿ ಇಟ್ಟುಕೊಂಡವರಿಗೆ. ಫಿಯೆಟ್ 1100ರ 1089 ಸಿಸಿ ಎಂಜಿನ್, 40 ಕುದುರೆ, 32 ಮಿ.ಮೀ.ನ ಸೊಲೆಕ್ಸ್. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹುಡುಕಿ, ಇನ್ನಾವುದೋ ಕಾರಿನ ಕಾರ್ಬುರೇಟರನ್ನು ತಂದು, ಲೇತಿನಲ್ಲಿ ಪ್ಲೇಟ್ ಮಾಡಿಸಿ ಕೂರಿಸುವ ಪದ್ಧತಿ ಇದೆ. ಎಸ್‌ಯು ಕೊಡುವ ಕ್ಷಮಾದಾನ ಇಲ್ಲಿಲ್ಲ. ಕಿರಿದಾದ ಜಾಗದಲ್ಲಿ ಗಾಳಿ ವೇಗವಾಗಿ ಹೋದಾಗ ಒತ್ತಡ ಕುಸಿದು ಪೆಟ್ರೋಲ್ ಮೇಲೆದ್ದು ಬರುವುದೇ ಸ್ಥಿರ ತೂತಿನ ಕಾರ್ಬುರೇಟರಿನ ಜೀವಾಳ. ತೂತು ದೊಡ್ಡದಾದರೆ ಕಡಿಮೆ ಆರ್‌ಪಿಎಂನಲ್ಲಿ ಗಾಳಿ ಮಂದವಾಗುತ್ತದೆ, ಪೆಟ್ರೋಲ್ ಸರಿಯಾಗಿ ಏಳುವುದಿಲ್ಲ, ಎದ್ದದ್ದು ಹನಿಹನಿಯಾಗಿ ಮ್ಯಾನಿಫೋಲ್ಡಿನ ಗೋಡೆಗೆ ಅಂಟುತ್ತದೆ. ಎರಡನೇ ಗೇರಿನಲ್ಲಿ 1500–2000 ಆರ್‌ಪಿಎಂ ನಡುವೆ ತೆವಳುವ ನಗರದ ಓಡಾಟದಲ್ಲಿ ಕಾರು ತುಳಿದಾಗಲೆಲ್ಲ ಒಂದು ಗಳಿಗೆ ಸತ್ತು ಬದುಕುತ್ತದೆ. ಮೇಲೆ ಎರಡು ಕುದುರೆ ಗಳಿಸಲು ಹೋಗಿ ದಿನನಿತ್ಯ ಬೇಕಾದ ಕೆಳಗಿನ ಎಳೆತವನ್ನು ಕಳೆದುಕೊಳ್ಳುವ ವ್ಯಾಪಾರ. ಹಳೆಯ ಸೊಲೆಕ್ಸನ್ನೇ ಸರಿಯಾಗಿ ಓವರ್‌ಹಾಲ್ ಮಾಡಿಸಿ, ಜೆಟ್ ನಂಬರ್ ಹೊಂದಿಸಿಕೊಳ್ಳುವುದು ಎಷ್ಟೋ ಮೇಲು.

ನಂಬರ್ ಹೊಂದಿಸುವಾಗ ನಮ್ಮ ಊರು ಯಾವ ಎತ್ತರದಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಗಾಳಿ ಮಂಗಳೂರಿಗಿಂತ ಶೇ 8ರಷ್ಟು ತೆಳು. ಮಂಗಳೂರಿನಲ್ಲಿ 40 ಕುದುರೆ ಇದ್ದದ್ದು ಶಿರಾಡಿ ಘಾಟಿ ಹತ್ತಿ ಇಲ್ಲಿಗೆ ಬರುವಷ್ಟರಲ್ಲಿ ಮೂರು ಕುದುರೆ ದಾರಿಯಲ್ಲೇ ಬಿಟ್ಟಿರುತ್ತದೆ. ದೊಡ್ಡ ಕಾರ್ಬುರೇಟರ್ ಕೊಡುವುದಕ್ಕಿಂತ ಇದೇ ಹೆಚ್ಚು. ತೆಳು ಗಾಳಿಯಲ್ಲಿ ಕಾರ್ಬುರೇಟರ್ ಮಿಶ್ರಣವನ್ನು ಶೇ 4ರಷ್ಟು ರಿಚ್ ಮಾಡುತ್ತದೆ. ಇದಕ್ಕೆ ತದ್ವಿರುದ್ಧವಾಗಿ ಈಗ ಬಂಕುಗಳಲ್ಲಿ ಸಿಗುವ ಶೇ 20 ಎಥನಾಲ್ ಬೆರೆತ ಪೆಟ್ರೋಲ್ ಮಿಶ್ರಣವನ್ನು ಲೀನ್ ಮಾಡುತ್ತದೆ, ಏಕೆಂದರೆ ಎಥನಾಲಿನಲ್ಲೇ ಆಮ್ಲಜನಕ ಇದೆ. ಅಷ್ಟೇ ಗಾಳಿಗೆ ಸುಮಾರು ಶೇ 7ರಷ್ಟು ಹೆಚ್ಚು ಪೆಟ್ರೋಲ್ ಬೇಕು. ಬೆಂಗಳೂರಿನ ಹಳೆಯ ಕಾರಿಗೆ ಒಂದು ತಪ್ಪು ಇನ್ನೊಂದನ್ನು ಅರ್ಧಕ್ಕಿಂತ ಹೆಚ್ಚು ಸರಿದೂಗಿಸುತ್ತದೆ. ಮಂಗಳೂರಿನವರಿಗೆ ಆ ಭಾಗ್ಯವಿಲ್ಲ, ಜೆಟ್ ಒಂದು ನಂಬರ್ ಏರಿಸಿಕೊಳ್ಳುವುದು ಒಳ್ಳೆಯದು. ಹಳೆಯ ರಬ್ಬರ್ ಪೈಪು, ಡಯಾಫ್ರಮ್, ಫ್ಲೋಟ್ ವಾಲ್ವಿನ ರಬ್ಬರ್ ತುದಿ ಇವೆಲ್ಲ ಎಥನಾಲಿಗೆ ಉಬ್ಬಿ ಹಾಳಾಗುತ್ತವೆ. ಕಾರ್ಬುರೇಟರಿಗೆ ಕೈಹಾಕಿದಾಗ ಅವನ್ನೂ ಎಥನಾಲ್ ತಡೆಯುವಂಥವಕ್ಕೆ ಬದಲಾಯಿಸಿ. ಹೊಗೆ ತಪಾಸಣೆಯಲ್ಲಿ ಇಂಥ ಹಳೆಯ ಪೆಟ್ರೋಲ್ ಕಾರುಗಳಿಗೆ ಐಡ್ಲಿಂಗ್‌ನಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇ 3 ಮೀರುವಂತಿಲ್ಲ. ಸರಿಯಾಗಿ ಹೊಂದಿಸಿದ ಯಾವ ಕಾರ್ಬುರೇಟರಿಗೂ ಇದು ಕಷ್ಟವಲ್ಲ.

ಕಷ್ಟ ಇರುವುದು ಕಾಗದದಲ್ಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್, ನೋಂದಣಿ ಪುಸ್ತಕದ ವಿವರ ತಯಾರಕರ ಮೂಲ ನಮೂನೆಗಿಂತ ಬೇರೆಯಾಗುವಂಥ ಮಾರ್ಪಾಡನ್ನು ಒಪ್ಪುವುದಿಲ್ಲ. ಕಾರ್ಬುರೇಟರಿನ ಅಳತೆ ಆ ಪುಸ್ತಕದಲ್ಲಿ ಇರುವುದಿಲ್ಲ, ಹಾಗಾಗಿ ರಸ್ತೆಯಲ್ಲಿ ಯಾರೂ ಕೇಳಲಾರರು. ಆದರೆ 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮ ಬೇರೆ. 50 ವರ್ಷ ದಾಟಿದ ಕಾರಿಗೆ ‘ವಿಎ’ ಅಕ್ಷರಗಳ ನಂಬರ್ ಪ್ಲೇಟ್ ಬೇಕಾದರೆ ಅದು ಮೂಲ ಸ್ವರೂಪದಲ್ಲಿ ಉಳಿದಿರಬೇಕು. ಚಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. 1970ರ ದಶಕದ ಕಾರುಗಳು ಒಂದೊಂದಾಗಿ ಈಗ ಆ ವಯಸ್ಸಿಗೆ ಬರುತ್ತಿವೆ. ಆದ್ದರಿಂದ ದೊಡ್ಡದನ್ನು ಕೂರಿಸುವವರು ತಗಡು ಕೊಯ್ಯದೆ, ತೂತು ಕೊರೆಯದೆ, ಒಂದು ಮಧ್ಯಾಹ್ನದಲ್ಲಿ ಮೊದಲಿನಂತೆ ಮಾಡಲು ಬರುವ ಹಾಗೆ ಕೂರಿಸಿ. ಬಿಚ್ಚಿದ ಹಳೆಯ ಕಾರ್ಬುರೇಟರನ್ನು ಅದರ ಮ್ಯಾನಿಫೋಲ್ಡ್, ಏರ್ ಫಿಲ್ಟರ್ ಡಬ್ಬಿ, ಕೇಬಲ್ ಕ್ಲಿಪ್ಪುಗಳ ಸಮೇತ ಎಣ್ಣೆ ಸವರಿ ಒಂದು ಪೆಟ್ಟಿಗೆಯಲ್ಲಿ ಕಟ್ಟಿಡಿ. ಮೇಸ್ತ್ರಿ ‘ಇದು ಇನ್ನು ಯಾಕೆ ಸಾರ್, ನಾನಿಟ್ಟುಕೊಳ್ಳಲಾ?’ ಎಂದು ಕೇಳಿದರೆ ಕೊಡಬೇಡಿ.